ಗೊಡ್ಡು ಕುದುರೆ

ನಮ್ಮ ಮಾತಿನಲ್ಲಿ ‘ಗೊಡ್ಡು’ ಎಂಬ ಪದಕ್ಕೆ ಇರುವಷ್ಟು ಕೆಲಸ ಮತ್ತಾವ ಪದಕ್ಕೂ ಇರಲಾರದು. ಬೇಳೆಯಿಲ್ಲದ ಸಾರು ಗೊಡ್ಡು ಸಾರು; ಹುರುಳಿಲ್ಲದ ಹರಟೆ ಗೊಡ್ಡು ಹರಟೆ; ಅನುಭವಕ್ಕೆ ಬಾರದ ತತ್ತ್ವ ಗೊಡ್ಡು ವೇದಾಂತ. ಗಬ್ಬವಾಗದ ದನವೂ ಗೊಡ್ಡೇ. ಸಾರು ಏತರಿಂದ ಗೊಡ್ಡಾಯಿತೆಂಬುದು ಅಡಿಗೆ ಮಾಡಿದವಳಿಗೆ ಗೊತ್ತು. ದನವಾಗಲಿ ಕುದುರೆಯಾಗಲಿ ಏತರಿಂದ ಗೊಡ್ಡಾಯಿತೆಂದು ಮಾತ್ರ ಯಾರೂ ಕೇಳುವುದಿಲ್ಲ. ಹೆಸರಿಟ್ಟ ಮೇಲೆ ಕಾರಣವನ್ನೂ ಹೇಳಿದಂತಾಯಿತೆಂದು ಸುಮ್ಮನಾಗುವರು.

ನಾನು ಚಿಕ್ಕವಳಾಗಿದ್ದಾಗ ಮೈಸೂರಿನಲ್ಲಿ ನಮ್ಮ ಬೀದಿಯ ಕೊನೆಯಲ್ಲಿ ಜಟಕಾ ಹೊಡೆಯುವ ಸಾಬರೊಬ್ಬರಿದ್ದರು. ಅವರದೊಂದು ಕಂದುಬಣ್ಣದ ಹೆಣ್ಣುಗುದುರೆ. ನಾಲ್ಕು ವರ್ಷ ಗಂಡಿಗೆ ಬಿಟ್ಟರೂ ಅದು ಮರಿ ಹಾಕಲಿಲ್ಲ. ಒಂದು ಸಂಜೆ ಅವರು ನಮ್ಮ ಜಗುಲಿಯ ಮೇಲೆ ಕುಳಿತು ತಂದೆಯವರೊಡನೆ, “ಗೊಡ್ಡು ಸ್ವಾಮಿ, ಸಂತೆಯಲ್ಲಿ ಮಾರಿಬಿಡುತ್ತೇನೆ” ಎಂದರು. ಒಳಗೆ ಅಕ್ಕಿ ಆರಿಸುತ್ತಿದ್ದ ನಮ್ಮ ಸೋದರತ್ತೆಯವರು ಮೊರವನ್ನು ಅಲ್ಲಿಯೇ ಬಿಟ್ಟು ಎದ್ದು ಹಿತ್ತಲಿಗೆ ಹೋದರು. ಮಕ್ಕಳಾಗಲಿಲ್ಲವೆಂದು ಗಂಡನ ಮನೆಯವರು ಅವರನ್ನು ತವರಿಗೆ ಕಳುಹಿಸಿ ಆಗ ಆರು ವರ್ಷಗಳಾಗಿದ್ದುವು. ಯಾವ ವೈದ್ಯರೂ ಅವರನ್ನು ಪರೀಕ್ಷಿಸಿರಲಿಲ್ಲ. ಅವರ ಗಂಡನನ್ನು ಪರೀಕ್ಷಿಸಬೇಕೆಂಬ ಯೋಚನೆಯಂತೂ ಯಾರಿಗೂ ಬಂದಿರಲಿಲ್ಲ.

ನನ್ನ ತಂಗಿಯ ಮಗ ಪಶುವೈದ್ಯ. ಕುದುರೆಗಳೆಂದರೆ ಅವನಿಗೆ ಊಟ ನಿದ್ರೆಗಳ ಪರಿವೆಯಿಲ್ಲ. ಹಿಸ್ಸಾರಿನ ಅಶ್ವ ಸಂಶೋಧನ ಕೇಂದ್ರಕ್ಕೆ ಸೇರಿದ ಬಿಕಾನೇರಿನ ಶಾಖೆಯಲ್ಲಿ ೨೦೨೩ನೆಯ ಮೇ ೧೯ರಂದು ಮಾರವಾಡಿ ತಳಿಯ ಹೆಣ್ಣು ಮರಿಯೊಂದು ಹುಟ್ಟಿತು. ತೂಕ ೨೩ ಕಿಲೋಗ್ರಾಂ. ಇಟ್ಟ ಹೆಸರು ರಾಜ್-ಪ್ರಥಮ. ಬಸಿರು ಕಟ್ಟಿದ ಕುದುರೆಯೊಂದು, ಹೊತ್ತು ಈದ ಕುದುರೆ ಮತ್ತೊಂದು. ಈ ಸುದ್ದಿಯನ್ನು ಅವನು ನಮ್ಮ ಮನೆಯಲ್ಲಿ ಓದಿ ಹೇಳಿದಾಗ ನನಗೆ ಮೊದಲು ನೆನಪಾದುದು ದೇವಕಿಯ ಗರ್ಭದಿಂದ ರೋಹಿಣಿಯ ಗರ್ಭಕ್ಕೆ ಸೇರಿದ ಸಂಕರ್ಷಣ. ಹಾಗೆಂದು, ಈ ವಿದ್ಯೆಯೆಲ್ಲ ನಮ್ಮ ಪೂರ್ವಿಕರಿಗೆ ತಿಳಿದಿತ್ತೆಂದು ವಾದಿಸುವವರ ಗುಂಪಿಗೆ ನಾನು ಸೇರಿದವಳಲ್ಲ. ಅಲ್ಲಿ ಯೋಗಮಾಯೆ ಮಾಡಿದ ಕೆಲಸವನ್ನು ಇಲ್ಲಿ ಒಂದು ರಬ್ಬರು ನಳಿಕೆಯೂ ಒಂದೆರಡು ಲೀಟರು ದ್ರವವೂ ಮಾಡುತ್ತವೆ.

ಆದರೆ ಮಾಯೆಯೇ ಇಲ್ಲವೆಂದೂ ಹೇಳಲಾರೆ. ಕುದುರೆಯ ಅಂಡ ಫಲಿಸಿದರೆ ಆರನೆಯ ದಿನದ ಹೊತ್ತಿಗೆ ಆ ಪಿಂಡವು ತಾನೇ ಒಂದು ರಸವನ್ನು ಸ್ರವಿಸಿ ಅಂಡನಾಳದ ಬಾಗಿಲನ್ನು ತೆರೆಸಿಕೊಂಡು ಗರ್ಭಕೋಶಕ್ಕೆ ಇಳಿಯುತ್ತದೆ. ಫಲಿಸದ ಅಂಡವು ಸಾಮಾನ್ಯವಾಗಿ ನಾಳದಲ್ಲಿಯೇ ಉಳಿದು ಕರಗುತ್ತದೆ. ಇಳಿದ ಪಿಂಡ ಒಂದೆಡೆ ನಿಲ್ಲದೆ ಹದಿನಾರನೆಯ ದಿನದವರೆಗೆ ಗರ್ಭಕೋಶದ ತುಂಬ ಓಡಾಡಿ, ತಾನು ಬಂದಿರುವೆನೆಂದು ತಾಯಿಯ ಮೈಗೆ ತಿಳಿಸುವುದಂತೆ. ಹೊಸ ಬಾಡಿಗೆಯವರು ಮನೆಯ ಮೂಲೆಮೂಲೆ ನೋಡುವಂತೆ! ವೈದ್ಯರು ಏಳೆಂಟನೆಯ ದಿನ ಗರ್ಭಕೋಶವನ್ನು ತೊಳೆದು ಆ ಪಿಂಡವನ್ನು ಹೊರತೆಗೆದು, ಹೆಚ್ಚು ಕಡಮೆ ಅದೇ ದಿನಗಳಲ್ಲಿ ಅಂಡ ಬಿಟ್ಟ ಮತ್ತೊಂದು ಕುದುರೆಯ ಗರ್ಭಕೋಶದಲ್ಲಿ ಇರಿಸುವರು. ಕೊಯ್ಯುವುದಿಲ್ಲ, ಹೊಲಿಯುವುದಿಲ್ಲ. ೧೯೭೦ರ ದಶಕದಲ್ಲಿ ಕೇಂಬ್ರಿಡ್ಜಿನ ವಿದ್ವಾಂಸರು ಕುದುರೆಯ ಪಿಂಡಗಳನ್ನು ಮೊಲದ ಅಂಡನಾಳದಲ್ಲಿ ಇರಿಸಿ ಪೋಲೆಂಡಿಗೆ ಸಾಗಿಸಿದ್ದರು. ಅಷ್ಟು ದೊಡ್ಡ ಪ್ರಾಣಿ ಒಂದು ಮೊಲದೊಳಗೆ ಕುಳಿತು ದೇಶ ದಾಟಿತೆಂದು ನೆನೆದರೆ ನನಗೆ ಇಂದಿಗೂ ನಗು ಬರುತ್ತದೆ.

ಈ ವಿದ್ಯೆಯಿಂದ ‘ಗೊಡ್ಡು’ ಎಂಬ ಒಂದು ಗಂಟು ಬಿಚ್ಚಿ ಹಲವು ಎಳೆಗಳಾದುವು. ಮುದಿ ಕುದುರೆಯ ಗರ್ಭಕೋಶದ ಒಳಪದರ ನಾರುಗಟ್ಟಿ ಬಸಿರನ್ನು ಹಿಡಿಯಲಾರದೆ ಹೋದರೂ ಅದರ ಅಂಡದಲ್ಲಿ ಇನ್ನೂ ಜೀವವಿರಬಹುದು. ಬೇರೊಂದು ಹೊಟ್ಟೆ ದೊರೆತರೆ ಅದು ಮರಿಯಾದೀತು. ಇನ್ನು ಕೆಲವು ಕುದುರೆಗಳ ತೊಡಕು ಹುಟ್ಟಿನಿಂದಲೇ ಬಂದುದು. ಕುದುರೆಗೆ ಇರಬೇಕಾದ ವರ್ಣತಂತುಗಳು ೬೪. ಎಕ್ಸ್ ಎಂಬ ಲಿಂಗತಂತು ಎರಡಿರುವಲ್ಲಿ ಒಂದೇ ಇದ್ದು, ಒಟ್ಟು ೬೩ ಆದ ಹೆಣ್ಣುಗುದುರೆಗಳೂ ಉಂಟು. ನೋಡಲು ಲಕ್ಷಣವಾಗಿ, ಕೊಂಚ ಗಿಡ್ಡಾಗಿ ಇರುವುವು. ಅಂಡಾಶಯ ಮಾತ್ರ ಬೆಳೆದಿರುವುದಿಲ್ಲ. ೧೯೬೮ರಿಂದ ಇದು ವಿದ್ವಾಂಸರಿಗೆ ತಿಳಿದಿದೆ. ಮತ್ತೆ ಕೆಲವುಗಳಲ್ಲಿ ಒಂದು ತಂತುವಿನ ತುಂಡು ಮತ್ತೊಂದಕ್ಕೆ ಅಂಟಿಕೊಂಡಿರುತ್ತದೆ. ಅಂತಹ ಕುದುರೆ ಬೆದೆಗೆ ಬರುತ್ತದೆ, ಬಸಿರು ನಿಲ್ಲುತ್ತದೆ, ಮೊದಲ ವಾರಗಳಲ್ಲಿಯೇ ಕರಗಿಹೋಗುತ್ತದೆ. ಯಜಮಾನನು ಮೇವನ್ನೋ ಗಾಳಿಯನ್ನೋ ದೂರುತ್ತಾನೆ. ಒಂದಿಷ್ಟು ರಕ್ತವನ್ನು ಪರೀಕ್ಷೆಗೆ ಕಳುಹಿಸಿದರೆ ಗೊತ್ತಾಗುವ ಸಂಗತಿ ಇದು.

ನನ್ನನ್ನು ಬಹಳ ಹೊತ್ತು ಯೋಚನೆಗೆ ಹಚ್ಚಿದ ಮಾತನ್ನೂ ಹೇಳಬೇಕು. ಅಂಡಾಶಯ ಬೆಳೆಯದ ಕುದುರೆಗೆ ಹೊರಗಿನಿಂದ ಹಾರ್ಮೋನು ಕೊಟ್ಟು ಅನ್ಯರ ಪಿಂಡವನ್ನು ಇರಿಸಿದಾಗ ಬಸಿರು ನಿಂತ ನಿದರ್ಶನಗಳುಂಟು. ತನ್ನದೆಂಬುದು ಒಂದೂ ಆಗದ ಪ್ರಾಣಿಯ ಗರ್ಭಕೋಶವೂ ಬರಿದಲ್ಲವೆಂದಾಯಿತು.

ಹೊರುವ ತಾಯಿಯ ಪಾತ್ರ ಕೇವಲ ಚೀಲದ ಪಾತ್ರವೂ ಅಲ್ಲ. ೧೯೩೮ರಲ್ಲಿ ವಾಲ್ಟನ್ ಮತ್ತು ಹ್ಯಾಮಂಡ್ ಎಂಬ ಇಂಗ್ಲೆಂಡಿನ ವಿದ್ವಾಂಸರು ಶೈರ್ ಎಂಬ ಭಾರೀ ಕುದುರೆಗೂ ಶೆಟ್ಲೆಂಡ್ ಎಂಬ ಕುಳ್ಳ ಕುದುರೆಗೂ ಕೃತಕ ಗರ್ಭಧಾರಣೆಯಿಂದ ಸಂಕರ ಮಾಡಿಸಿದರು. ತಂದೆತಾಯಿಗಳ ಜಾತಿ ಎರಡು ಕಡೆಯೂ ಒಂದೇ. ಆದರೂ ಶೈರ್ ತಾಯಿಯ ಮರಿ ಹುಟ್ಟಿದಾಗ ಶೆಟ್ಲೆಂಡ್ ತಾಯಿಯ ಮರಿಯ ಸುಮಾರು ಮೂರರಷ್ಟಿತ್ತು. ಹೊಟ್ಟೆಯ ಅಳತೆಗೆ ತಕ್ಕಂತೆ ಮರಿ. ವಂಶದ ತಂತುಗಳಲ್ಲಿ ತಾಯಿಯ ಪಾಲೆಲ್ಲ ಅಂಡ ಕೊಟ್ಟವಳದು. ಮೈಯ ಬೆಳವಣಿಗೆಯಲ್ಲಿ ಹೊತ್ತವಳದೂ ಪಾಲು. ಹನ್ನೊಂದು ತಿಂಗಳು ಹೊತ್ತು, ಹಾಲೂಡಿಸಿ ಬೆಳೆಸಿದವಳನ್ನು ‘ಬಾಡಿಗೆ ತಾಯಿ’ ಎನ್ನುವುದು ನನಗೆ ಹಿತವಾಗದು. ಬಾಡಿಗೆಯ ಹಣ ಆ ಕುದುರೆಗೇನೂ ಸೇರುವುದಿಲ್ಲವಷ್ಟೆ!

ಇಷ್ಟರವರೆಗೆ ಎಲ್ಲವೂ ಸಂತೋಷದ ವಿಷಯವೇ. ಚಿಂತೆ ಮುಂದಿನದು. ಗಂಡುಗುದುರೆಯೊಂದು ವರ್ಷಕ್ಕೆ ನೂರು ಮರಿಗಳ ತಂದೆಯಾಗಬಲ್ಲುದು. ಹೆಣ್ಣುಗುದುರೆ ವರ್ಷಕ್ಕೆ ಒಂದೇ ಮರಿ ಹಾಕಬಲ್ಲುದು. ಇದರ ಫಲವನ್ನು ಕುದುರೆಗಳ ರಕ್ತದಲ್ಲಿ ಇಂದಿಗೂ ಓದಬಹುದು. ತಂದೆಯಿಂದ ಮಗನಿಗೆ ಮಾತ್ರ ಹೋಗುವ ವೈ ತಂತುವನ್ನು ನೋಡಿದರೆ, ಈ ಕಾಲದ ಬಹುಪಾಲು ಕುದುರೆಗಳು ಕೆಲವೇ ಗಂಡುಗಳ ಸಂತಾನ. ತಾಯಿಯಿಂದಲೇ ಬರುವ ತಂತುವನ್ನು ನೋಡಿದರೆ ವೈವಿಧ್ಯಕ್ಕೆ ಕೊನೆಯಿಲ್ಲ. ೨೦೧೨ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಹದಿನೆಂಟು ದೊಡ್ಡ ಕವಲುಗಳನ್ನು ಎಣಿಸಿತು. ಜನರು ಗಂಡನ್ನು ಆರಿಸಿ ಆರಿಸಿ ವಂಶವನ್ನು ಕಿರಿದು ಮಾಡುತ್ತಿರಲು, ಹೆಸರಿಲ್ಲದ ಅಸಂಖ್ಯಾತ ತಾಯಿಯರು ವರ್ಷಕ್ಕೊಂದರಂತೆ ಈದು ಅದರ ಹರವನ್ನು ಕಾಪಾಡಿದ್ದರು.

ಈಗ ಆ ಮಿತಿ ಸಡಿಲಾಗಿದೆ. ಅರ್ಜೆಂಟೀನಾದಲ್ಲಿ ಪೋಲೋ ಆಡುವ ಹೆಣ್ಣುಗುದುರೆ ಮೈದಾನವನ್ನು ಬಿಡದೆಯೇ ಒಂದು ವರ್ಷದಲ್ಲಿ ಹಲವು ಮರಿಗಳ ತಾಯಿಯಾಗಬಲ್ಲುದು. ಅಡೋಲ್ಫೋ ಕಾಂಬಿಯಾಸೋ ಎಂಬ ಆಟಗಾರ ೨೦೧೬ರ ಪಾಲೆರ್ಮೋ ಪಂದ್ಯದ ಅಂತಿಮ ಆಟದಲ್ಲಿ ಕ್ವಾರ್ತೆತೇರಾ ಎಂಬ ಒಂದೇ ಹೆಣ್ಣುಗುದುರೆಯ ಆರು ತದ್ರೂಪಿಗಳನ್ನು ಏರಿ ಆಡಿದನು. ರೇಸಿನ ಥರೋಬ್ರೆಡ್ ಕುದುರೆಗಳವರು ಮಾತ್ರ ಇದಾವುದಕ್ಕೂ ಒಪ್ಪಿಲ್ಲ. ಸಹಜ ಸಂಗಮದಿಂದ ಬಸಿರು ನಿಂತು, ಆ ತಾಯಿಯ ಹೊಟ್ಟೆಯಲ್ಲಿಯೇ ಬೆಳೆದು ಹುಟ್ಟಿದುದನ್ನೇ ಅವರ ವಂಶಾವಳಿಯ ಪುಸ್ತಕದಲ್ಲಿ ಬರೆಯುವರು. ನಮ್ಮ ಕುಣಿಗಲ್ಲಿನ ಫಾರಂ ಹೆಸರುವಾಸಿಯಾದುದೂ ಆ ತಳಿಯಿಂದಲೇ. ಈ ಹಟವನ್ನು ಹಳೆಯ ಕಾಲದ ಮಡಿ ಎಂದು ನಗುವವರುಂಟು. ಒಂದೇ ತಾಯಿಯ ಮಕ್ಕಳಿಂದ ಲಾಯ ತುಂಬುವುದನ್ನಾದರೂ ಆ ಮಡಿ ತಡೆದಿದೆಯೆಂದು ನನಗೆ ತೋರುತ್ತದೆ.

ಇನ್ನೊಂದು ಭಯವೂ ಉಂಟು. ಬಸಿರು ನಿಲ್ಲದಿರುವುದು ವಯಸ್ಸಿನಿಂದಲೋ ಗಾಯದಿಂದಲೋ ಆಗಿದ್ದರೆ ಪಿಂಡವನ್ನು ಬೇರೊಂದು ಹೊಟ್ಟೆಗೆ ಸಾಗಿಸುವುದು ಉಪಕಾರ. ಅದು ವಂಶದ್ದೇ ಆಗಿದ್ದರೆ, ತಾನಾಗಿ ನಿಂತುಹೋಗಬೇಕಾಗಿದ್ದ ದೌರ್ಬಲ್ಯವನ್ನು ನಾವೇ ಕೈಹಿಡಿದು ಮುಂದಿನ ತಲೆಮಾರಿಗೆ ದಾಟಿಸಿದಂತಾಯಿತು. ಪದಕ ಗೆದ್ದ ಕುದುರೆಯ ಯಜಮಾನನಿಗೆ ಪದಕ ಕಾಣುವುದು, ತಂತು ಕಾಣದು. ಹೆಣ್ಣುಮಕ್ಕಳ ವಿಷಯಕ್ಕೆ ಈ ಲೆಕ್ಕವನ್ನು ತರಬಾರದು. ಸೋದರತ್ತೆಯವರಂತಹವರಿಗೆ ಬೇಕಾಗಿದ್ದುದು ಮರ್ಯಾದೆಯೇ ಹೊರತು ತಳಿಶಾಸ್ತ್ರವಲ್ಲ. ಕುದುರೆಯ ಮಾತು ಬೇರೆ; ಅದರ ಮದುವೆಯನ್ನು ನಿಶ್ಚಯಿಸುವವರು ನಾವು, ಹೊಣೆಯೂ ನಮ್ಮದೇ.

ಬಿಕಾನೇರಿನವರ ಉದ್ದೇಶ ಪದಕವಲ್ಲ. ಕಿವಿಯ ತುದಿಗಳು ಒಳಕ್ಕೆ ಬಾಗಿ ಒಂದನ್ನೊಂದು ಮುಟ್ಟುವ ಆ ಮಾರವಾಡಿ ತಳಿ ಕಡಮೆಯಾಗುತ್ತಿರುವುದರಿಂದ ಅದನ್ನು ಉಳಿಸುವುದು. ಅವರು ಹೆಪ್ಪುಗಟ್ಟಿಸಿ ಇಟ್ಟಿದ್ದ ಪಿಂಡದಿಂದಲೂ ಮರಿಯನ್ನು ಪಡೆದರು. ಸೊನ್ನೆಗಿಂತ ೧೯೬ ಡಿಗ್ರಿ ಕೆಳಗಿನ ಚಳಿಯ ದ್ರವಸಾರಜನಕದಲ್ಲಿ ಪಿಂಡ ವರ್ಷಗಟ್ಟಲೆ ಕೆಡದೆ ಇರುವುದಂತೆ.

“ಅಂತಹ ಒಂದು ಪಾತ್ರೆಯಲ್ಲಿ ಹತ್ತು ಪಿಂಡಗಳಿದ್ದರೆ ಅವು ಹತ್ತು ತಾಯಿಯರವೋ, ಒಬ್ಬಳವೋ?” ಎಂದು ನಾನು ಹುಡುಗನನ್ನು ಕೇಳಿದೆನು.

“ಕುದುರೆ ಇಟ್ಟವರು ಯಾರೂ ಇದನ್ನು ಕೇಳುವುದಿಲ್ಲ, ದೊಡ್ಡಮ್ಮ,” ಎಂದನವನು. “ಎಲ್ಲರಿಗೂ ಗೆದ್ದ ಕುದುರೆಯದೇ ಬೇಕು. ಹಳ್ಳಿಯ ಕಡೆ ಲಗಾಮೂ ಸರಿಯಾಗಿಲ್ಲದ ಹೆಣ್ಣುಗುದುರೆಯನ್ನು ತೋರಿಸಿ, ಇದರದೂ ಒಂದು ತೆಗೆದಿಡೋಣ ಎಂದರೆ, ಖರ್ಚು ಯಾರು ಕೊಡುತ್ತಾರೆ ಎನ್ನುತ್ತಾರೆ.” ಹೀಗೆಂದು ಅವನು ಕಾಫಿಯ ಲೋಟವನ್ನು ಕೆಳಗಿಟ್ಟು, ತಾನು ನೋಡಿಬಂದ ಅಂತಹ ಮೂರು ಕುದುರೆಗಳ ಬಣ್ಣವನ್ನೂ ಸುಳಿಯನ್ನೂ ಒಂದೊಂದಾಗಿ ಹೇಳತೊಡಗಿದನು.