ಕ್ಯಾಪ್ ಕೆಳಗಿನ ಹಲ್ಲು

ಜನವರಿಯ ಬೆಳಗ್ಗೆ ಗುರುಗ್ರಾಮದಲ್ಲಿ ಬಾಯಿ ತೆರೆದು ಉಸಿರೆಳೆದರೆ ಸಾಕು, ಹಲ್ಲಿಗೆ ಚಳಿ ತಾಗುತ್ತದೆ. ಒಂಬತ್ತು ಚಳಿಗಾಲ ಕಳೆದ ನನಗೆ ಇದು ಮಾಮೂಲು. ಈ ಸಲ ಮಾತ್ರ ಬಲಗಡೆ ಕೆಳಗಿನ ಒಂದು ದವಡೆಹಲ್ಲು ರಾತ್ರಿ ಎರಡು ಗಂಟೆಗೆ ನನ್ನನ್ನು ಎಬ್ಬಿಸತೊಡಗಿತು. ಅದಕ್ಕೆ ಆರು ವರ್ಷದ ಹಿಂದೆಯೇ ಕ್ಯಾಪ್ ಹಾಕಿಸಿ ಆಗಿತ್ತು. ಹಬ್ಬಕ್ಕೆ ದಾವಣಗೆರೆಗೆ ಹೋದಾಗ ಮಂಡಕ್ಕಿಯಲ್ಲಿದ್ದ ಕಲ್ಲು ಕಚ್ಚಿ ಹಲ್ಲಿನ ಮೂಲೆ ಹಾರಿತ್ತು. ನರ ಚೆನ್ನಾಗಿದೆ, ರೂಟ್ ಕೆನಾಲ್ ಬೇಡ, ಕ್ಯಾಪ್ ಸಾಕು ಅಂದಿದ್ದರು ಡಾಕ್ಟರು. ಅಲ್ಲಿಗೆ ಆ ಹಲ್ಲಿನ ಕಥೆ ಮುಗಿಯಿತು ಅಂದುಕೊಂಡಿದ್ದೆ.

ಮನೆ ಹತ್ತಿರದ ಕ್ಲಿನಿಕ್ಕಿಗೆ ಹೋದೆ. "ದರ್ದ್ ಕೈಸಾ ಹೈ?" ಅಂದರು. ನನ್ನ ಹಿಂದಿ ಮೀಟಿಂಗಿಗೆ ಸಾಕು, ಆಟೋದವನ ಜೊತೆ ಚೌಕಾಸಿಗೂ ಸಾಕು. ನೋವಿನ ವಿಷಯ ಬಂದಾಗ ಖಾಲಿ. ಕನ್ನಡದಲ್ಲಾದರೆ ಚುಳ್ ಅನ್ನುತ್ತೆ, ಸಿಡಿಯುತ್ತೆ, ಕಿವಿವರೆಗೆ ಸೆಳೆಯುತ್ತೆ, ರಾತ್ರಿ ಪಟಪಟ ಬಡಿಯುತ್ತೆ ಅಂತ ನಾಲ್ಕು ಬೇರೆ ಬೇರೆ ನೋವು ಹೇಳಬಹುದಿತ್ತು. ನಾನು ಹೇಳಿದ್ದು "ಠಂಡಾ ಲಗ್ತಾ ಹೈ" ಅಂತಷ್ಟೇ. ಅವರು ಜುಮ್ಮೆನ್ನುವ ಹಲ್ಲಿಗೆ ಕೊಡುವ ಪೇಸ್ಟ್ ಬರೆದು ಕಳಿಸಿದರು. ಎರಡು ವಾರ ತಿಕ್ಕಿದೆ. ಮತ್ತೆ ಹೋದಾಗ ಹಲ್ಲು ಕೀಳಿಸಿ ಇಂಪ್ಲಾಂಟ್ ಹಾಕಿಸಿಕೊಳ್ಳಿ, ಇಎಂಐ ಇದೆ ಅಂದರು. ಫ್ಲ್ಯಾಟಿನ ಕಂತು ಕಟ್ಟುವವನಿಗೆ ಹಲ್ಲಿಗೂ ಕಂತು! ಒಂದು ದಿನ ಯೋಚಿಸಿ ಹೇಳುತ್ತೇನೆ ಅಂತ ಎದ್ದು ಬಂದೆ.

ಕಾನ್ಪುರದ ಸಹೋದ್ಯೋಗಿಯೊಬ್ಬ, "ಕೀಳಿಸಬೇಡ, ದೆಹಲಿ ಗೇಟಿಗೆ ಹೋಗು" ಅಂದ. ಅಲ್ಲಿರುವುದು ಮೌಲಾನಾ ಆಜಾದ್ ದಂತ ವಿಜ್ಞಾನ ಸಂಸ್ಥೆ, ದೆಹಲಿ ಸರ್ಕಾರದ ಹಲ್ಲಿನ ಆಸ್ಪತ್ರೆ. ಗುರುಗ್ರಾಮದಿಂದ ಹಳದಿ ಲೈನ್ ಹಿಡಿದು ಸೆಂಟ್ರಲ್ ಸೆಕ್ರೆಟೇರಿಯಟ್‌ನಲ್ಲಿ ಇಳಿದು ನೇರಳೆ ಲೈನಿಗೆ ಬದಲಾಯಿಸಬೇಕು. ಜನಪಥ, ಮಂಡಿ ಹೌಸ್, ಐಟಿಓ, ಆಮೇಲೆ ದೆಹಲಿ ಗೇಟ್. ಇಷ್ಟು ವರ್ಷ ಎನ್‌ಸಿಆರ್‌ನಲ್ಲಿದ್ದೂ ನಾನು ಆ ನಿಲ್ದಾಣದಲ್ಲಿ ಒಮ್ಮೆಯೂ ಇಳಿದಿರಲಿಲ್ಲ. ಗಾಜಿನ ಕಟ್ಟಡಗಳ ಊರಿಂದ ಬಂದವನಿಗೆ ಇಲ್ಲಿ ಬೇರೆಯೇ ದೆಹಲಿ. ಶಹಜಹಾನನ ಕಾಲದ ದ್ವಾರ ರಸ್ತೆ ನಡುವೆ ಒಂಟಿಯಾಗಿ ನಿಂತಿದೆ. ಅದನ್ನು ಹಿಡಿದಿದ್ದ ಕೋಟೆಗೋಡೆ ಅಕ್ಕಪಕ್ಕದಲ್ಲಿ ಇಲ್ಲ. ನನ್ನ ಮನಸ್ಥಿತಿಗೆ ಅದೂ ಹಲ್ಲಿನ ಹಾಗೇ ಕಂಡಿತು.

ಚೀಟಿ ಮಾಡಿಸಿ ಕೂತೆ. ಪಕ್ಕದಲ್ಲಿ ಮೀರಠಿನಿಂದ ಬಂದಿದ್ದ ಅಜ್ಜ, ಮಫ್ಲರನ್ನು ತಲೆಯಿಂದ ಗದ್ದದವರೆಗೆ ಸುತ್ತಿಕೊಂಡು, ನನ್ನಂತೆಯೇ ಕೆನ್ನೆ ಹಿಡಿದಿದ್ದರು. ನನ್ನ ಸರದಿ ಬಂದಾಗ ನೋಡಿದ್ದು ಸ್ನಾತಕೋತ್ತರ ಓದುತ್ತಿದ್ದ ಒಬ್ಬ ಹುಡುಗಿ. ಊರು ಯಾವುದು ಅಂದಳು, ಕರ್ನಾಟಕ ಅಂದೆ. ಮಾಸ್ಕಿನ ಹಿಂದಿನಿಂದ, "ಬಾಯಿ ತೆಗೀರಿ. ನೋವು ಇದೆಯಾ? ರಾತ್ರಿ ಜಾಸ್ತಿನಾ?" ಅಂತ ಕನ್ನಡ ಬಂತು! ಬಿಡಿಎಸ್ ಮುಗಿಸಿದ್ದು ಕರ್ನಾಟಕದಲ್ಲಂತೆ. ಅವಳಿಗೆ ಬರುತ್ತಿದ್ದದ್ದು ಹಲ್ಲಿನ ಕನ್ನಡ ಮಾತ್ರ: ಉಗುಳಿ, ಕಚ್ಚಿ, ಸ್ವಲ್ಪ ತಡ್ಕೊಳ್ಳಿ. ಊಟ ಆಯ್ತಾ ಅಂದರೆ ಪಿಳಿಪಿಳಿ ನೋಡುತ್ತಿದ್ದಳೇನೋ. ಆದರೆ ನನಗೆ ಬೇಕಾಗಿದ್ದದ್ದು ಅಷ್ಟೇ. ಸಿಡಿಯುತ್ತೆ ಅಂದೆ, ಬಡಿಯುತ್ತೆ ಅಂದೆ, ತಣ್ಣೀರು ಕುಡಿದರೆ ಆಮೇಲೂ ಬಹಳ ಹೊತ್ತು ಉಳಿಯುತ್ತೆ ಅಂದೆ. ಆ ಕೊನೆಯ ಮಾತಿಗೆ ಅವಳು ತಲೆಯಾಡಿಸಿದಳು.

ತಣ್ಣಗಿನದು ತಾಗಿದಾಗ ಚುಳ್ ಅಂದು ತಕ್ಷಣ ನಿಂತರೆ ಒಳಗಿನ ನರ ಇನ್ನೂ ಚೇತರಿಸಿಕೊಳ್ಳಬಹುದು. ನೋವು ಹಾಗೇ ಉಳಿದರೆ, ತಾನಾಗಿಯೇ ರಾತ್ರಿ ಎಬ್ಬಿಸಿದರೆ, ಅದು ಸಾಯುವ ಹಾದಿಯಲ್ಲಿದೆ ಎಂದು ಲೆಕ್ಕ. ಕ್ಯಾಪ್ ಕೂರಿಸಲು ಹಲ್ಲನ್ನು ಸುತ್ತಲೂ ತೇಯುತ್ತಾರಲ್ಲ, ಆ ಪೆಟ್ಟಿಗೆ ನರ ಎಷ್ಟೋ ವರ್ಷದ ಮೇಲೂ ಸೋಲಬಹುದು. ಕ್ಯಾಪಿನ ಅಂಚಿನಲ್ಲಿ ಹುಳುಕು ನುಸುಳಿದರೂ ಆಗಬಹುದು. ಕ್ಯಾಪಿನ ಲೋಹ ಎಕ್ಸ್‌ರೇಯಲ್ಲಿ ಬೆಳ್ಳಗೆ ಕಾಣುತ್ತದೆ, ಅದರ ಮರೆಯಲ್ಲಿರುವುದು ಕಾಣುವುದಿಲ್ಲ. ಹಾಗಾಗಿ ಬೇರನ್ನು ನೋಡಿದರು, ಹಲ್ಲನ್ನು ತಟ್ಟಿ ನೋಡಿದರು, ಅಂಚನ್ನು ಮೊನೆಯಿಂದ ಕೆದಕಿ ನೋಡಿದರು. ಅಂಚು ಗಟ್ಟಿ ಇತ್ತು. ಹಲ್ಲು ಕೀಳುವುದೂ ಬೇಡ, ಕ್ಯಾಪ್ ಬಿಚ್ಚುವುದೂ ಬೇಡ, ಮೇಲಿನಿಂದಲೇ ತೂತು ಕೊರೆಯೋಣ ಅಂದರು ಹಿರಿಯ ಡಾಕ್ಟರು. ಪಿಂಗಾಣಿ ಚಕ್ಕೆ ಏಳಬಹುದು, ಎದ್ದರೆ ಹೊಸ ಕ್ಯಾಪ್, ಅಂತ ಮೊದಲೇ ಹೇಳಿದರು. ಕ್ಯಾಪ್ ನೇರವಾಗಿದ್ದರೂ ಕೆಳಗಿನ ಹಲ್ಲು ವಾಲಿರಬಹುದು, ಆದ್ದರಿಂದ ಕೊರೆಯುವಾಗ ದಿಕ್ಕು ತಪ್ಪದಂತೆ ನೋಡಿಕೊಳ್ಳಬೇಕಂತೆ. ಹಳೇ ಕೋಡಿಗೆ ಮೇಲಿಂದ ಪ್ಯಾಚ್ ಹಾಕುವವನಿಗೆ ಈ ಕಷ್ಟ ವಿವರಿಸಿ ಹೇಳಬೇಕಾಗಿಲ್ಲ.

ಮೂರು ನಾಳ ಸಿಕ್ಕವು. ಎರಡನೆಯ ಸಲ ಹೋದಾಗ ಅವಕ್ಕೆ ಗಟಾಪರ್ಚಾ ತುಂಬಿದರು. ಅದು ಮಲಯ ಕಡೆಯ ಒಂದು ಮರದ ಹಾಲಿನಿಂದ ಬರುವ ವಸ್ತು. 19ನೆಯ ಶತಮಾನದಲ್ಲಿ ಸಮುದ್ರದಡಿಯ ಟೆಲಿಗ್ರಾಫ್ ಕೇಬಲ್ಲಿಗೆ ಇದನ್ನೇ ಸುತ್ತುತ್ತಿದ್ದರು. 1858ರ ಅಟ್ಲಾಂಟಿಕ್ ಕೇಬಲ್ಲಿಗೂ ಇದೇ. ನೆಟ್‌ವರ್ಕ್ ನಂಬಿ ಬದುಕುವವನ ಹಲ್ಲಿಗೆ ಸರಿಯಾಗಿಯೇ ಸಿಕ್ಕಿತು ಅಂದುಕೊಂಡೆ. ಕ್ಯಾಪಿನ ತೂತನ್ನು ಹಲ್ಲಿನ ಬಣ್ಣದ ಸಿಮೆಂಟಿನಿಂದ ಮುಚ್ಚಿದರು. ಚಕ್ಕೆ ಏಳಲಿಲ್ಲ.

ಹೊರಗೆ ಬಂದಾಗ ಅರ್ಧ ತುಟಿ, ಅರ್ಧ ನಾಲಿಗೆ ಮರಗಟ್ಟಿತ್ತು. ಮೆಟ್ರೋ ಮೆಟ್ಟಿಲ ಬಳಿ ನಿಂತು ಅಮ್ಮನಿಗೆ ಫೋನ್ ಮಾಡಿದೆ. ಹಲ್ಲು ಉಳೀತು ಅಂತ ಎರಡು ಸಲ ಹೇಳಿದೆ, ಅವಳಿಗೆ ತಿಳಿಯಲಿಲ್ಲ.

"ಏನೋ ಇದು, ಹಗಲು ಹೊತ್ತಲ್ಲೇ ಕುಡಿದಿದ್ದೀಯೇನೋ?" ಅಂದಳು.