ಮುದುಕರಿಗೆ ವ್ಯಾಯಾಮವೆ?

ಕಳೆದ ವರ್ಷ ಶ್ರಾವಣಮಾಸದ ಒಂದು ಸಂಜೆ. ನಮ್ಮ ಮಾಳಮಡ್ಡಿಯ ಓಣಿಯಲ್ಲಿ ಪುರಾಣಶ್ರವಣವು ಮುಗಿದು ಮಂಗಳಾರತಿಗಾಗಿ ಎಲ್ಲರೂ ಎದ್ದು ನಿಂತರು. ನನ್ನ ಅಕ್ಕನೊಬ್ಬಳು ಮಾತ್ರ ಏಳಲಿಲ್ಲ. ಎರಡೂ ಕೈಗಳನ್ನು ನೆಲಕ್ಕೆ ಊರಿ ಒಮ್ಮೆ ಪ್ರಯತ್ನಿಸಿದಳು, ಮತ್ತೊಮ್ಮೆ ಪ್ರಯತ್ನಿಸಿದಳು; ಕೊನೆಗೆ ನೆರೆಮನೆಯ ಹೆಣ್ಣುಮಕ್ಕಳಿಬ್ಬರು ರಟ್ಟೆ ಹಿಡಿದು ಎಬ್ಬಿಸಿ ನಿಲ್ಲಿಸಿದರು. ಹಿಂದಿರುಗುವಾಗ ದಾರಿಯುದ್ದಕ್ಕೂ ಆಕೆ ಮಾತಾಡಲಿಲ್ಲ. ಮನೆಯ ಮೆಟ್ಟಿಲ ಬಳಿ ಗೋಡೆಗೆ ಕೈಯಿಟ್ಟು ನಿಂತು, "ತಮ್ಮಾ, ನನ್ನ ಕಾಲು ನನ್ನ ಮಾತು ಕೇಳವಲ್ಲವು" ಎಂದಳು.

ಈ ಮಾತನ್ನಾಡಿದವಳು ಎಂಥವಳೆಂಬದನ್ನು ವಾಚಕರು ಅರಿಯಬೇಕು. ನವಲಗುಂದ ತಾಲೂಕಿನ ಎರೆಸೀಮೆಯ ಒಂದು ಹಳ್ಳಿಗೆ ಆಕೆ ಚಿಕ್ಕ ವಯಸ್ಸಿನಲ್ಲಿಯೇ ಸೊಸೆಯಾಗಿ ಹೋದಳು. ಆ ಊರಿನ ಬಾವಿಯ ನೀರು ಸವಳು; ಕುಡಿಯುವ ಸಿಹಿನೀರನ್ನು ಊರ ಹೊರಗಿನ ಕೆರೆಯಿಂದಲೇ ಹೊತ್ತು ತರಬೇಕಾಗಿದ್ದಿತು. ತಲೆಯ ಮೇಲೊಂದು ಕೊಡ, ಟೊಂಕದ ಮೇಲೊಂದು ಕೊಡ. ಹೀಗೆ ದಿನಕ್ಕೆ ನಾಲ್ಕು ಸಲವಾದರೂ ಆಕೆ ಕೆರೆಯ ಮೆಟ್ಟಿಲುಗಳನ್ನು ಇಳಿದು ಹತ್ತುತ್ತಿದ್ದಳು. ಬೀಸುವ ಕಲ್ಲು, ಒನಕೆ, ದನದ ಕೊಟ್ಟಿಗೆ, ಒಲೆಯ ಮುಂದೆ ಕುಕ್ಕರಗಾಲಲ್ಲಿ ಕುಳಿತು ಹತ್ತು ಜನಕ್ಕೆ ರೊಟ್ಟಿ ಬಡಿಯುವದು, ಇವುಗಳಲ್ಲಿಯೇ ಆಕೆಯ ಯೌವನವೂ ನಡುವಯಸ್ಸೂ ಕಳೆದವು. ಮೂರು ವರ್ಷಗಳ ಕೆಳಗೆ ಭಾವನವರು ತೀರಿಕೊಂಡ ತರುವಾಯ ನಾನೇ ಹೋಗಿ ಆಕೆಯನ್ನು ಧಾರವಾಡಕ್ಕೆ ಕರೆತಂದೆನು. ಆಗ ಆಕೆಗೆ 69 ವರ್ಷ. ಬಸ್ಸಿನಿಂದ ತನ್ನ ಗಂಟನ್ನು ತಾನೇ ಇಳಿಸಿಕೊಂಡು, ನನ್ನ ಕೈಯೊಳಗಿನ ಚೀಲವನ್ನೂ ಕಸಿದುಕೊಂಡು ನನಗಿಂತ ಮುಂದೆ ನಡೆದಳು.

ಆ ಕಾಲುಗಳನ್ನು ಮೂರು ವರ್ಷಗಳೊಳಗಾಗಿ ಕೆಡಿಸಿದವನು ನಾನು. ದುಷ್ಟತನದಿಂದ ಅಲ್ಲ, ಪ್ರೀತಿಯಿಂದಲೇ ಕೆಡಿಸಿದೆನು. ಆಕೆ ಕಸಬರಿಗೆ ಹಿಡಿದರೆ ಕಸಿದುಕೊಂಡೆ. ಬಟ್ಟೆ ಹಿಂಡಲು ಹೋದರೆ ಯಂತ್ರವಿದೆಯೆಂದು ತಡೆದೆ. ನೆಲದ ಮೇಲೆ ಕುಳಿತು ಉಂಡರೆ ಕಾಲು ನೋಯುವವೆಂದು ಮೇಜಿಗೆ ಕರೆದೆ. ಪೇಟೆಯಿಂದ ಕೈಗಳುಳ್ಳ ಒಂದು ಅಗಲವಾದ ಬೆತ್ತದ ಕುರ್ಚಿಯನ್ನು ತಂದು ಪಡಸಾಲೆಯಲ್ಲಿ ಹಾಕಿ, "ಜೀವಮಾನವೆಲ್ಲ ದುಡಿದಿ. ಇನ್ನ ಕೂಡು ಅಕ್ಕಾ" ಎಂದೆನು. ಆಕೆ ಕುಳಿತಳು. ನೆರೆಹೊರೆಯವರು, ತಮ್ಮನೆಂದರೆ ಹೀಗಿರಬೇಕು ಎಂದು ನನ್ನನ್ನು ಹೊಗಳಿದರು. ಆ ಹೊಗಳಿಕೆಯು ನನಗೆ ಹಿತವಾಗಿಯೇ ಇದ್ದಿತು.

ಇಷ್ಟೇ ಆಗಿದ್ದರೆ ಅಜ್ಞಾನವೆಂದು ಬಿಡಬಹುದಾಗಿತ್ತು. ನಾನು ಅದಕ್ಕೆ ಶಾಸ್ತ್ರದ ಆಧಾರವನ್ನೂ ಕೊಟ್ಟೆನು. ವಾಗ್ಭಟನ ಅಷ್ಟಾಂಗಹೃದಯದಲ್ಲಿ ದಿನಚರ್ಯೆಯ ಅಧ್ಯಾಯವೊಂದಿದೆ. ವ್ಯಾಯಾಮದಿಂದ ಶರೀರವು ಹಗುರಾಗುವದು, ಕೆಲಸದಲ್ಲಿ ಸಾಮರ್ಥ್ಯ ಬರುವದು, ಜಠರಾಗ್ನಿಯು ಚುರುಕಾಗುವದು, ಮೇದಸ್ಸು ಕರಗುವದು ಎಂದು ಹೇಳಿದ ಬೆನ್ನಿಗೇ, ಯಾರು ಅದನ್ನು ಬಿಡಬೇಕೆಂಬದನ್ನೂ ಆತನು ಹೇಳುತ್ತಾನೆ. ವಾತಪಿತ್ತದ ರೋಗಿಗಳು, ಬಾಲರು, ವೃದ್ಧರು, ಅಜೀರ್ಣವುಳ್ಳವರು. ಇವರಿಗೆ ವ್ಯಾಯಾಮವು ವರ್ಜ್ಯ. ಅಕ್ಕ ತಾನೂ ಏನಾದರೂ ಕೆಲಸ ಮಾಡುವೆನೆಂದು ಹಟ ಹಿಡಿದಾಗಲೆಲ್ಲ ನಾನು ಆ ಶ್ಲೋಕವನ್ನು ಹೇಳಿ ಅರ್ಥ ಬಿಡಿಸುತ್ತಿದ್ದೆನು. ಸಂಸ್ಕೃತದ ಮುಂದೆ ಆಕೆ ಏನು ಮಾತಾಡಿಯಾಳು?

ಈಗ ಯೋಚಿಸಿದರೆ ನನಗೇ ನಗು ಬರುತ್ತದೆ. ಅದೇ ಸಾಲಿನಲ್ಲಿ ಬಾಲರಿಗೂ ನಿಷೇಧವಿದೆಯಲ್ಲ! ಮೂವತ್ತಕ್ಕೂ ಹೆಚ್ಚು ವರ್ಷ ನಾನು ಶಾಲೆಯ ಮಕ್ಕಳನ್ನು ಕವಾಯತಿಗೂ ಖೋ-ಖೋ ಆಟಕ್ಕೂ ಬಿಟ್ಟಿದ್ದೇನೆ. ಪಾಠ ಒಪ್ಪಿಸದವರಿಂದ ಬಸ್ಕಿಗಳನ್ನು ಹೊಡೆಯಿಸಿದ್ದೇನೆ. ಆಗ ಒಂದು ದಿನವೂ ವಾಗ್ಭಟನು ನನ್ನ ನೆನಪಿಗೆ ಬರಲಿಲ್ಲ. ಒಂದೇ ಸಾಲಿನ ಅರ್ಧವನ್ನು ಮರೆತು, ಅನುಕೂಲವಾದ ಉಳಿದರ್ಧವನ್ನು ಹಿಡಿದುಕೊಂಡಿದ್ದೆನು. ಪಂಡಿತರಲ್ಲಿ ಈ ರೋಗವು ಹಳೆಯದು.

ಪುರಾಣದ ದಿನದ ತರುವಾಯ ಅಕ್ಕನನ್ನು ಹುಬ್ಬಳ್ಳಿಯ ಒಂದು ದೊಡ್ಡ ಆಸ್ಪತ್ರೆಗೆ ಕರೆದೊಯ್ದೆನು. ವೈದ್ಯರು ರಕ್ತವನ್ನು ನೋಡಿದರು, ಮೊಣಕಾಲಿನ ಕ್ಷಕಿರಣದ ಚಿತ್ರ ತೆಗೆಯಿಸಿದರು. ವಯಸ್ಸಿಗೆ ತಕ್ಕ ಸವೆತವಲ್ಲದೆ ಮತ್ತೇನೂ ಇಲ್ಲವೆಂದು ಹೇಳಿ ಫಿಜಿಯೋಥೆರಪಿಯ ವಿಭಾಗಕ್ಕೆ ಕಳುಹಿದರು. ಅಲ್ಲಿದ್ದ ತರುಣಿಯು ನನ್ನನ್ನು ಕಂಡವಳೇ ಎದ್ದು ನಮಸ್ಕರಿಸಿದಳು. ಆಕೆ ನನ್ನ ಹಳೆಯ ವಿದ್ಯಾರ್ಥಿನಿ. ಕೈಗಳಿಲ್ಲದ ಒಂದು ಕುರ್ಚಿಯಲ್ಲಿ ಅಕ್ಕನನ್ನು ಕೂಡ್ರಿಸಿ, ಎರಡೂ ಕೈಗಳನ್ನು ಎದೆಯ ಮೇಲೆ ಕಟ್ಟಿಕೊಳ್ಳಲು ಹೇಳಿ, 30 ಸೆಕೆಂಡುಗಳಲ್ಲಿ ಎಷ್ಟು ಸಲ ಪೂರ್ಣವಾಗಿ ಎದ್ದು ಕೂಡ್ರಬಲ್ಲಳೆಂಬದನ್ನು ಎಣಿಸಿದಳು. ಅಕ್ಕ ಐದು ಸಲ ಎದ್ದಳು. 70ರಿಂದ 74 ವಯಸ್ಸಿನ ಹೆಂಗಸರಲ್ಲಿ ಹತ್ತಕ್ಕಿಂತ ಕಡಿಮೆಯಾದರೆ ಕಾಲಿನ ಬಲವು ಸಾಮಾನ್ಯಕ್ಕಿಂತ ಕೆಳಗಿದೆಯೆಂದೂ, ಬೀಳುವ ಭಯವು ಹೆಚ್ಚೆಂದೂ ತಿಳಿಯತಕ್ಕದ್ದಂತೆ. "ಸರ್, ಅಮ್ಮಾರಿಗೆ ರೋಗ ಇಲ್ಲ. ಕೆಲಸ ಇಲ್ಲ, ಅದೇ ರೋಗ" ಎಂದಳು. ಆಮೇಲೆ ನನ್ನ ಕಡೆಗೆ ತಿರುಗಿ, "ನೀವೂ ಒಮ್ಮೆ ನೋಡ್ರಿ ಸರ್" ಎಂದಳು. ನಾನು ಹನ್ನೊಂದಕ್ಕೆ ನಿಂತೆನು. ನನ್ನ ವಯಸ್ಸಿನ ಗಂಡಸಿಗೆ ಹದಿನಾಲ್ಕಾದರೂ ಆಗಬೇಕು. ಒಂದು ಕಾಲಕ್ಕೆ ಈಕೆಯಿಂದಲೂ ನಾನು ಬಸ್ಕಿ ಹೊಡೆಯಿಸಿದ್ದೆನೋ ಏನೋ. ಆಕೆ ಅದನ್ನು ಎತ್ತಲಿಲ್ಲ, ನಾನೂ ಕೇಳಲಿಲ್ಲ.

ವೃದ್ಧರಿಗೆ ವ್ಯಾಯಾಮವು ನಿಷಿದ್ಧವಲ್ಲವೆ ಎಂದು ನಾನು ವಾದಿಸಿದ್ದಕ್ಕೆ ಆಕೆ ನಾಲ್ಕಾರು ಸಂಶೋಧನ ಲೇಖನಗಳನ್ನು ಅಚ್ಚು ಮಾಡಿಸಿ ಕೊಟ್ಟಳು. ನಿಘಂಟನ್ನು ಬದಿಗಿಟ್ಟುಕೊಂಡು ಅವುಗಳನ್ನು ಓದಿದೆನು.

ಮೊದಲನೆಯದು ಅಮೇರಿಕದ ಡಲ್ಲಾಸ್ ನಗರದ್ದು. 1966ರಲ್ಲಿ ಅಲ್ಲಿಯ ವೈದ್ಯರು ಇಪ್ಪತ್ತು ವರ್ಷದ ಐವರು ಆರೋಗ್ಯವಂತ ತರುಣರನ್ನು ಮೂರು ವಾರಗಳ ವರೆಗೆ ಹಾಸಿಗೆಯ ಮೇಲೆಯೇ ಮಲಗಿಸಿದರು. ದುಡಿಯುವಾಗ ಶರೀರವು ಎಷ್ಟು ಪ್ರಾಣವಾಯುವನ್ನು ಉಪಯೋಗಿಸಬಲ್ಲದೆಂಬ ಅಳತೆಯು ಆ ಮೂರು ವಾರಗಳಲ್ಲಿ ಸುಮಾರು ಕಾಲು ಭಾಗದಷ್ಟು ಇಳಿಯಿತು. ಮೂವತ್ತು ವರ್ಷಗಳ ತರುವಾಯ, 1996ರಲ್ಲಿ, ಅದೇ ಐವರನ್ನು ಹುಡುಕಿ ಪುನಃ ಪರೀಕ್ಷಿಸಿದರು. ಆಗ ಅವರು ಐವತ್ತರವರು, ಮೈ ಬಂದವರು. ಆದಾಗ್ಯೂ ಮೂವತ್ತು ವರ್ಷಗಳ ಮುಪ್ಪು ಮಾಡಿದ ಹಾನಿಯು ಮೂರು ವಾರಗಳ ಹಾಸಿಗೆ ಮಾಡಿದ ಹಾನಿಗಿಂತ ಕಡಿಮೆಯಾಗಿದ್ದಿತು! ಅಷ್ಟೇ ಅಲ್ಲ; ಆರು ತಿಂಗಳು ನಡಿಗೆ, ಓಟ, ಸೈಕಲ್ಲುಗಳನ್ನು ಕ್ರಮವಾಗಿ ಹೆಚ್ಚಿಸಿದ ಮೇಲೆ ಅವರ ಆ ಶಕ್ತಿಯು ಮೂವತ್ತು ವರ್ಷಗಳ ಹಿಂದಿನ ಮಟ್ಟಕ್ಕೆ ಮರಳಿತು. ಇದನ್ನೋದಿ ನಾನು ಪುಸ್ತಕವನ್ನು ಮುಚ್ಚಿಟ್ಟು ಪಡಸಾಲೆಯ ಬೆತ್ತದ ಕುರ್ಚಿಯನ್ನು ಬಹಳ ಹೊತ್ತು ನೋಡಿದೆನು. ಡಲ್ಲಾಸಿನವರು ಮೂರು ವಾರ ಮಲಗಿದ್ದರು. ನನ್ನ ಅಕ್ಕ ಮೂರು ವರ್ಷ ಕುಳಿತಿದ್ದಳು. ಅದೂ ತರುಣರ ಮಾತಾಯಿತು. ವೃದ್ಧರದು ಇನ್ನೂ ಕಠಿನ: 2007ರಲ್ಲಿ ಪ್ರಕಟವಾದ ಇನ್ನೊಂದು ಪರೀಕ್ಷೆಯಲ್ಲಿ ಸರಾಸರಿ 67 ವಯಸ್ಸಿನ ಹನ್ನೆರಡು ಜನ ಆರೋಗ್ಯವಂತರು ಹತ್ತೇ ದಿನ ಮಲಗಿದ್ದರಿಂದ ಕಾಲುಗಳೊಳಗಿನ ಸುಮಾರು ಒಂದು ಕಿಲೋ ಮಾಂಸವನ್ನು ಕಳೆದುಕೊಂಡರು.

ವಯಸ್ಸಾದಂತೆ ಸ್ನಾಯುಗಳು ಕುಗ್ಗುವದಕ್ಕೆ 1989ರಲ್ಲಿ ರೋಸೆನ್‌ಬರ್ಗ್ ಎಂಬ ವಿದ್ವಾಂಸನು ಗ್ರೀಕ್ ಶಬ್ದಗಳಿಂದ ಸಾರ್ಕೋಪೀನಿಯಾ ಎಂಬ ಹೆಸರನ್ನು ಕಟ್ಟಿದನು. ಅದರ ಅರ್ಥ ಮಾಂಸದ ಕೊರತೆ. ನಮ್ಮ ಆಯುರ್ವೇದದಲ್ಲಿ ಮಾಂಸಕ್ಷಯವೆಂಬ ಶಬ್ದವು ಮೊದಲಿನಿಂದಲೂ ಇದೆ. ಹೆಸರು ನಮ್ಮಲ್ಲಿದ್ದಿತೆಂದು ಹಿಗ್ಗುವದರಲ್ಲಿ ಪ್ರಯೋಜನವಿಲ್ಲ. ಉಪಾಯವನ್ನು ಕಂಡವರು ಯಾರೆಂಬದು ಮುಖ್ಯ.

ಅದು ಬಾಸ್ಟನ್ ನಗರದ ಒಂದು ವೃದ್ಧಾಶ್ರಮದಲ್ಲಿ ಕಂಡಿತು. 1990ರಲ್ಲಿ ಪ್ರಕಟವಾದ ಆ ಪರೀಕ್ಷೆಗೆ ಒಳಗಾದವರು ಹತ್ತು ಜನ. ಅವರ ಸರಾಸರಿ ವಯಸ್ಸು 90! ಕಾಲಿನಿಂದ ಭಾರವೆತ್ತುವ ವ್ಯಾಯಾಮವನ್ನು ಅವರಿಂದ ಎಂಟು ವಾರ ಮಾಡಿಸಿದರು. ಅದೂ ಆಟದ ಭಾರವಲ್ಲ. ಒಬ್ಬೊಬ್ಬರು ಒಂದು ಸಲಕ್ಕೆ ಎತ್ತಬಲ್ಲ ಅತ್ಯಧಿಕ ಭಾರದ ಅರ್ಧದಿಂದ ಆರಂಭಿಸಿ, ನೂರಕ್ಕೆ ಎಂಬತ್ತು ಪಾಲಿನ ವರೆಗೆ ಏರಿಸಿದರು. ಒಬ್ಬರು ನಡುವೆ ಬಿಟ್ಟರು. ಉಳಿದ ಒಂಬತ್ತು ಜನರ ಕಾಲಿನ ಬಲವು ಸರಾಸರಿ ನೂರಕ್ಕೆ 174ರಷ್ಟು ಹೆಚ್ಚಿತು, ಎಂದರೆ ಮೊದಲಿನ ಎರಡೂ ಮುಕ್ಕಾಲು ಪಟ್ಟಿಗೆ ಹತ್ತಿರವಾಯಿತು. ಇಬ್ಬರು ಕೈಗೋಲನ್ನು ಬಿಟ್ಟು ನಡೆದರು. ತೊಡೆಯ ಮಾಂಸವು ಹೆಚ್ಚಿದ್ದು ನೂರಕ್ಕೆ ಒಂಬತ್ತು ಮಾತ್ರ. ಹೀಗಿರಲು ಬಲವು ಇಷ್ಟು ಏರಿದ್ದು ಹೇಗೆ? ಆರಂಭದ ವಾರಗಳಲ್ಲಿ ಕಲಿಯುವದು ಹೆಚ್ಚಾಗಿ ನರಗಳಂತೆ. ಮಲಗಿಬಿಟ್ಟ ಸ್ನಾಯುತಂತುಗಳನ್ನು ಅವು ಪುನಃ ಎಬ್ಬಿಸುತ್ತವೆ. ಮಾಂಸವು ಆಮೇಲೆ ಮೆಲ್ಲಗೆ ಬೆಳೆಯುತ್ತದೆ. ಆದರೆ ಬಿಟ್ಟರೆ ಕೆಟ್ಟಿತು: ನಾಲ್ಕು ವಾರ ವ್ಯಾಯಾಮವನ್ನು ನಿಲ್ಲಿಸಿದ ಕೂಡಲೆ ಗಳಿಸಿದ ಬಲವು ಜಾರತೊಡಗಿತು.

ಇನ್ನೊಂದು ಲೇಖನವನ್ನು ಚಿಗರಿ ಬಸ್ಸಿನಲ್ಲಿ ಕುಳಿತೇ ಓದಿದೆನು. ಅದಕ್ಕೆ ತಕ್ಕ ಸ್ಥಳವೂ ಅದೇ. ಲಂಡನ್ನಿನ ಮೋರಿಸ್ ಎಂಬ ವೈದ್ಯನು 1953ರಲ್ಲಿ ಆ ನಗರದ ಮಹಡಿ ಬಸ್ಸುಗಳ ಚಾಲಕರನ್ನೂ ಕಂಡಕ್ಟರರನ್ನೂ ಹೋಲಿಸಿ, ದಿನವೆಲ್ಲ ಕುಳಿತಿರುವ ಚಾಲಕರಿಗಿಂತ ಮೆಟ್ಟಿಲು ಹತ್ತಿಳಿಯುವ ಕಂಡಕ್ಟರರಿಗೆ ಹೃದ್ರೋಗವು ಕಡಿಮೆಯೆಂದು ತೋರಿಸಿದನು. ಚಾಲಕರು ಮೊದಲಿನಿಂದಲೇ ಸ್ಥೂಲರಾಗಿದ್ದರೇನೋ ಎಂಬ ಸಂಶಯದಿಂದ, ಅವರ ಸಮವಸ್ತ್ರದ ಸೊಂಟದ ಅಳತೆಗಳನ್ನು ಸಹ ತಾನೇ ತೆಗೆಯಿಸಿ ನೋಡಿದನಂತೆ; ಸಂಶಯವು ಸ್ವಲ್ಪ ನಿಜವೇ ಆಯಿತು. ತನ್ನ ಸಿದ್ಧಾಂತಕ್ಕೆ ವಿರೋಧವಾದುದನ್ನು ತಾನೇ ಹುಡುಕುವ ಈ ಪ್ರಾಮಾಣಿಕತನವು ನನಗೆ ಮೆಚ್ಚಿಕೆಯಾಯಿತು. ಆತನು 99 ವರ್ಷ ಬದುಕಿ 2009ರಲ್ಲಿ ತೀರಿದನು. ನಮ್ಮ ಚಿಗರಿಯಲ್ಲಿಯೋ ಟಿಕೀಟು ನಿಲ್ದಾಣದ ಕಿಟಕಿಯಲ್ಲಿಯೇ ದೊರೆಯುವದು. ಅಲ್ಲಿ ಕೊಡುವವನೂ ಕುಳಿತಿರುತ್ತಾನೆ, ಇಲ್ಲಿ ನಡೆಸುವವನೂ ಕುಳಿತಿರುತ್ತಾನೆ.

ಹಾಗಾದರೆ ವಾಗ್ಭಟನು ತಪ್ಪಿದನೆ? ಈ ಪ್ರಶ್ನೆಯು ನನ್ನನ್ನು ಬಹಳ ದಿನ ಕಾಡಿತು. ಆತನ ಕಾಲದ ವೃದ್ಧರು ಬೆತ್ತದ ಕುರ್ಚಿಯಲ್ಲಿ ಕುಳಿತಿರಲಿಲ್ಲ. ನೀರಿಗೆ, ಹೊಲಕ್ಕೆ, ಶೌಚಕ್ಕೆ ನಡೆದೇ ಹೋಗುತ್ತಿದ್ದರು, ನೆಲದಿಂದಲೇ ಏಳುತ್ತಿದ್ದರು. ವ್ಯಾಯಾಮವೆಂದರೆ ಅದರ ಮೇಲೆ ಬುದ್ಧಿಪೂರ್ವಕವಾಗಿ ಮಾಡುವ ಮಲ್ಲರ ಸಾಮು. ಗರಡಿಮನೆಯ ಕೆಂಪು ಮಣ್ಣಿನಲ್ಲಿ ಎಪ್ಪತ್ತರ ಮುದುಕನನ್ನು ಕೆಡವಬಾರದೆಂದರೆ ಯಾರು ತಾನೆ ಒಪ್ಪಲಿಕ್ಕಿಲ್ಲ? ಇದು ನನ್ನ ಊಹೆ. ಆದರೂ ಗುರುವನ್ನು ಉಳಿಸುವ ಆತುರದಲ್ಲಿ ಸತ್ಯವನ್ನು ಮುಚ್ಚಬಾರದು. ವೃದ್ಧನಾದ ಮಾತ್ರಕ್ಕೆ ವ್ಯಾಯಾಮವನ್ನು ಬಿಡಬೇಕೆಂಬ ಮಾತು, ಬರೆದಂತೆಯೇ ತೆಗೆದುಕೊಂಡರೆ, ಇಂದಿನ ಪ್ರಮಾಣದ ಮುಂದೆ ನಿಲ್ಲುವದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಕೊಟ್ಟ ಸೂಚನೆಗಳು 65 ದಾಟಿದವರಿಗೂ ವಾರಕ್ಕೆ 150ರಿಂದ 300 ನಿಮಿಷ ಚುರುಕು ನಡಿಗೆಯಂಥ ಶ್ರಮವನ್ನು, ಎರಡು ದಿನವಾದರೂ ಸ್ನಾಯುಬಲದ ವ್ಯಾಯಾಮವನ್ನು, ಮೂರು ದಿನ ದೇಹದ ತೋಲವನ್ನು ಕಾಯುವ ಅಭ್ಯಾಸವನ್ನು ಹೇಳುತ್ತವೆ. ಹೃದ್ರೋಗ ಮುಂತಾದವುಳ್ಳವರು ವೈದ್ಯರನ್ನು ಕೇಳಿಯೇ ತೊಡಗತಕ್ಕದ್ದು.

ಆದರೆ ಆಚಾರ್ಯರ ಇನ್ನೊಂದು ಮಾತು ಇಂದಿಗೂ ನಿಂತಿದೆ. ಬಲದ ಅರ್ಧದಷ್ಟು ಮಾತ್ರ ವ್ಯಾಯಾಮ ಮಾಡಬೇಕು. ಉಸಿರು ಬಾಯಿಗೆ ಬರತೊಡಗಿತೆಂದರೆ ಅರ್ಧವಾಯಿತೆಂದು ತಿಳಿಯಬೇಕು ಎಂಬ ಅರ್ಥದಲ್ಲಿ ಸುಶ್ರುತನು ಹೇಳಿದ್ದಾನೆ. ನನ್ನ ವಿದ್ಯಾರ್ಥಿನಿಯೂ, "ನಡಿವಾಗ ಮಾತಾಡಾಕ ಬರಬೇಕು, ಹಾಡಾಕ ಬರಬಾರದು, ಅಷ್ಟು ಜೋರು ಸಾಕು ಸರ್" ಎಂದಳು. ಗಡಿಯಾರವೂ ಯಂತ್ರವೂ ಇಲ್ಲದೆ ಉಸಿರಿನಿಂದಲೇ ಅಳೆಯುವ ಉಪಾಯವನ್ನು ಇಬ್ಬರೂ ಹೇಳಿದರು. ನಾನು ಸಂತೋಷದಿಂದ ಸುಶ್ರುತನ ಮಾತನ್ನು ಆಕೆಗೆ ಬರೆದುಕೊಟ್ಟೆನು.

ಈಗ ನಮ್ಮ ಮನೆಯ ಕ್ರಮವು ಹೀಗಿದೆ. ಸೋಮವಾರ, ಬುಧವಾರ, ಶುಕ್ರವಾರ ಬೆಳಿಗ್ಗೆ ಗೋಡೆಗೆ ತಾಗಿಸಿಟ್ಟ ಕಟ್ಟಿಗೆಯ ಕುರ್ಚಿಯಿಂದ ಅಕ್ಕ ಎಂಟು ಸಲ ಎದ್ದು ಕೂಡ್ರುತ್ತಾಳೆ. ಸ್ವಲ್ಪ ದಣಿವಾರಿಸಿಕೊಂಡು ಪುನಃ ಎಂಟು. ಅಡಿಗೆಯ ಕಟ್ಟೆಯನ್ನು ಹಿಡಿದು ಹಿಮ್ಮಡಗಳನ್ನೆತ್ತುತ್ತಾಳೆ, ಒಂಟಿಕಾಲಲ್ಲಿ ನಿಲ್ಲುತ್ತಾಳೆ. ಮೊದಲ ವಾರ ತೊಡೆ ನೊಂದು, "ಸತ್ತೆನೋ ತಮ್ಮಾ" ಎಂದಳು. ಎರಡು ದಿನದ ಅಂಥ ನೋವು ಸಹಜ, ಕೀಲಿನೊಳಗಿನ ಚುಚ್ಚುನೋವಾದರೆ ಮಾತ್ರ ನಿಲ್ಲಿಸಬೇಕೆಂದು ಮೊದಲೇ ತಿಳಿಸಿದ್ದರಿಂದ ನಾನು ಎದೆಗುಂದಲಿಲ್ಲ. ರಾತ್ರಿ ಬರೇ ಗಂಜಿ ಕುಡಿದು ಮಲಗುತ್ತಿದ್ದವಳಿಗೆ ಈಗ ಹೆಸರುಬೇಳೆ, ಮೊಸರು, ಶೇಂಗಾದ ಹಿಂಡಿ. ಸಸಾರಜನಕವಿಲ್ಲದೆ ಸ್ನಾಯುವು ಯಾತರಿಂದ ಕಟ್ಟಿಕೊಂಡೀತು? ಕಸಬರಿಗೆಯನ್ನು ನಾನು ಹಿಂದಿರುಗಿಸಿದ್ದೇನೆ. ಬೆತ್ತದ ಕುರ್ಚಿಯ ಮೇಲೆ ಈಗ ಹಳೆಯ ಪತ್ರಿಕೆಗಳನ್ನು ಒಟ್ಟಿದ್ದೇವೆ.

ನಾಲ್ಕು ತಿಂಗಳಾದ ಮೇಲೆ ಹುಬ್ಬಳ್ಳಿಗೆ ಪುನಃ ಹೋದಾಗ ಅಕ್ಕ ಹನ್ನೊಂದು ಸಲ ಎದ್ದಳು. ನನ್ನದು ಹದಿಮೂರು. "ಇನ್ನೊಂದು ಬಾಕಿ ಅದ ಸರ್" ಎಂದು ಹುಡುಗಿ ನಕ್ಕಳು. ಕಳೆದ ವಾರ ಅಕ್ಕ, ಹಳ್ಳಿಯಿಂದ ತಂದ ತನ್ನ ತಾಮ್ರದ ಕೊಡವು ಎಲ್ಲಿದೆಯೆಂದು ಕೇಳಿದಳು. ಭಾರವೆಂದು ನಾನೇ ಅದನ್ನು ಅಟ್ಟಕ್ಕೆ ಹಾಕಿದ್ದೆನು. ಏಣಿ ಹತ್ತಿ ಇಳಿಸಿ ಕೊಟ್ಟೆ. ಹುಣಸೆಹಣ್ಣು ಹಚ್ಚಿ ತಿಕ್ಕಿ, ಅಂಗಳದ ನಳದ ಕೆಳಗಿಟ್ಟು ಅರ್ಧ ತುಂಬಿಸಿ, ಟೊಂಕಕ್ಕೇರಿಸಿಕೊಂಡು ಹೊಸ್ತಿಲ ವರೆಗೆ ಬಂದಳು. ನಾನು ಕೈ ಚಾಚಿದೆನು. "ಸರೀ ಆಚೆ, ದಾರಿ ಬಿಡು" ಎಂದು ಗದರಿಸಿ ಒಳಗೆ ಹೋದಳು.