ಎಂದಿನಿಂದ? ಎಂದಿನವರೆಗೆ?

ನನ್ನ ತರಗತಿಯಲ್ಲಿ ಕುಳಿತಿದ್ದವರಿಗೆ ಒಂದು ಪ್ರಶ್ನೆ ನೆನಪಿರಬಹುದು. "ಹತ್ತನೇ ತಾರೀಖಿನಿಂದ ಹದಿನೈದರವರೆಗೆ ರಜೆ ಬೇಕೆಂದು ಬರೆದಿದ್ದೀಯಲ್ಲ, ಒಟ್ಟು ಎಷ್ಟು ದಿನ?" ಹದಿನೈದರಲ್ಲಿ ಹತ್ತು ಕಳೆದು "ಐದು ಸಾರ್" ಎನ್ನುವವರೇ ಹೆಚ್ಚು. ಬೆರಳು ಮಡಿಸಿ ಎಣಿಸಿದಾಗ ಆರು ಬರುತ್ತಿತ್ತು, ತರಗತಿಯೆಲ್ಲ ನಗುತ್ತಿತ್ತು. ಹಾಗೆ ನಗಿಸುತ್ತಿದ್ದ ನಾನೇ ನಿವೃತ್ತನಾದ ಮೇಲೆ ಎರಡು ತಾರೀಖುಗಳ ಮುಂದೆ ಎಡವಿದ ಸಂಗತಿಯನ್ನು ಈ ದಿನ ಬರೆಯುತ್ತಿದ್ದೇನೆ.

2023ರ ಕೊನೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬೆಂಗಳೂರಿನಿಂದ ಬಂದ. ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ದುಡಿದು ಕೂಡಿಟ್ಟ ಹಣದಲ್ಲಿ ಹಾಲ್ಕುರಿಕೆಯ ಬಳಿ ಒಂದು ಎಕರೆ ಚಿಲ್ಲರೆ ತೆಂಗಿನ ತೋಟ ಕೊಳ್ಳಬೇಕೆಂದಿದ್ದ. ಐವತ್ತಕ್ಕೂ ಮಿಕ್ಕಿ ಫಲದ ಮರಗಳು, ಮೂಲೆಯಲ್ಲಿ ಕೊಬ್ಬರಿ ಅಟ್ಟವಿರುವ ಹಳೆಯ ಮನೆ. ಮಾರುವವರು ನನಗೆ ದೂರದ ನೆಂಟರು. "ಕಾಗದಪತ್ರ ನೀವು ಒಂದ್ಸಲ ನೋಡಿ ಸಾರ್, ನೀವು ಹೂಂ ಅಂದ್ರೆ ಮುಂಗಡ ಕೊಡ್ತೀನಿ" ಎಂದ. ಮೇಷ್ಟರಾಗಿದ್ದವನಿಗೆ ಇದಕ್ಕಿಂತ ದೊಡ್ಡ ಮರ್ಯಾದೆ ಯಾವುದು?

ನೋಂದಣಿ ಇಲಾಖೆಯ ಕಾವೇರಿ 2.0 ತಂತ್ರಾಂಶ ಅದೇ ವರ್ಷ ರಾಜ್ಯದ ಕಚೇರಿಗಳಿಗೆ ಬಂದಿತ್ತು. ಋಣಭಾರ ಪತ್ರಕ್ಕೆ, ಜನರ ಬಾಯಲ್ಲಿ 'ಇ.ಸಿ.'ಗೆ, ಮನೆಯಲ್ಲೇ ಕುಳಿತು ಅರ್ಜಿ ಹಾಕಬಹುದಾಗಿತ್ತು. ಊರು, ಸರ್ವೆ ನಂಬರು ತುಂಬಿದ ಮೇಲೆ ಎರಡು ಖಾನೆಗಳು: ಇಂಥ ದಿನದಿಂದ, ಇಂಥ ದಿನದವರೆಗೆ. ನೋಂದಣಿಯ ಲೆಕ್ಕ ಗಣಕಯಂತ್ರಕ್ಕೆ ಹತ್ತಿದ್ದು 2004ರ ಸುಮಾರಿಗೆಂದು ಕೇಳಿದ್ದೆ. ಆದ್ದರಿಂದ ಮೊದಲ ಖಾನೆಗೆ 1-4-2004 ಎಂದು ಹಾಕಿ, ಎರಡನೆಯದಕ್ಕೆ ಅಂದಿನ ತಾರೀಖು ಹಾಕಿದೆ. ಕೆಲವು ದಿನಗಳಲ್ಲಿ ನಮೂನೆ 16 ಬಂತು. ವ್ಯವಹಾರಗಳು ಸಿಕ್ಕಿದರೆ ನಮೂನೆ 15, ಏನೂ ಸಿಗದಿದ್ದರೆ 16. ಪಹಣಿಯ ಹನ್ನೊಂದನೆಯ ಕಲಮಿನಲ್ಲೂ ಸಾಲದ ಸೊಲ್ಲಿರಲಿಲ್ಲ. "ತೋಟ ಶುದ್ಧವಾಗಿದೆಯಪ್ಪ" ಎಂದೆ. ಅವನು ಎರಡು ಲಕ್ಷ ಮುಂಗಡ ಕೊಟ್ಟ.

ಕ್ರಯಪತ್ರ ಬರೆಸಲು ತಿಪಟೂರಿಗೆ ಹೋದಾಗ ವಯಸ್ಸಾದ ಪತ್ರ ಬರಹಗಾರರೊಬ್ಬರು ಆ ಕಾಗದವನ್ನು ಕನ್ನಡಕದ ಹತ್ತಿರ ಹಿಡಿದು, "ಎಂದಿನಿಂದ ತೆಗೆಸಿದ್ದೀರಿ ಮೇಷ್ಟ್ರೇ?" ಎಂದರು. ನಾನು ಹೇಳಿದೆ. "ಅದಕ್ಕೆ ಹಿಂದೆ ತೋಟ ಇರಲಿಲ್ಲವೇ?"

ಮುಖ ಕೆಂಪಾಯಿತು. ಶೋಧಿಸಿದ ಅವಧಿ ಆ ಕಾಗದದಲ್ಲೇ ಅಚ್ಚಾಗಿತ್ತು, ನಾನು ಓದಿರಲಿಲ್ಲ. 'ಇಲ್ಲ' ಎಂಬ ಒಂದು ಮಾತನ್ನು ಮಾತ್ರ ಓದಿದ್ದೆ. ಒತ್ತೆ ಬಿಡಿಸಿಕೊಳ್ಳಲು 1963ರ ಅವಧಿ ಕಾಯಿದೆ ಕೊಡುವ ಕಾಲವೇ 30 ವರ್ಷ, ಕನಿಷ್ಠ ಅಷ್ಟಾದರೂ ಹಿಂದಕ್ಕೆ ಹೋಗಬೇಡವೇ ಎಂದರು ಅವರು.

ಹಳೆಯ ಕಾಲದ ಶೋಧನೆ ಪುಸ್ತಕಗಳಲ್ಲಿ ನಡೆಯುತ್ತದೆ. 1908ರ ನೋಂದಣಿ ಕಾಯಿದೆಯಂತೆ ವ್ಯಕ್ತಿಗಳ ಹೆಸರಿಗೆ ಒಂದು ಸೂಚಿ, ಸ್ವತ್ತಿಗೆ ಇನ್ನೊಂದು ಸೂಚಿ. ಶುಲ್ಕ ಕೊಟ್ಟರೆ ಯಾರು ಬೇಕಾದರೂ ನೋಡಬಹುದು. ಈ ಬಾರಿ 1990ರಿಂದ ಕೇಳಿದೆವು. ಬಂದದ್ದು ನಮೂನೆ 15. ಅದರಲ್ಲಿ 1997ರ ಒಂದು ಭೋಗ್ಯದ ಆಧಾರ ಪತ್ರವಿತ್ತು! ಕೊಳವೆಬಾವಿ ಕೊರೆಸಲು ಆಗಿನ ಯಜಮಾನರು ತೋಟವನ್ನು ಭೋಗ್ಯಕ್ಕೆ ಹಾಕಿದ್ದರು. ಮುಂದೆ ಹಣ ತೀರಿಸಿ ತೋಟ ಬಿಡಿಸಿಕೊಂಡದ್ದೂ ನಿಜ. ಆದರೆ ತೀರಿದ್ದಕ್ಕೆ ಪತ್ರ ನೋಂದಣಿಯಾಗಿರಲಿಲ್ಲ. ಮಾರುವವರು ಸುಳ್ಳು ಹೇಳಿರಲಿಲ್ಲ. ತೀರಿದ ಸಾಲವನ್ನು ಯಾರಾದರೂ ಮತ್ತೆ ಹೇಳುತ್ತಾರೆಯೇ ಎಂಬುದು ಅವರ ಭಾವನೆ.

ಸಾಲ ಕೊಟ್ಟವರು ತೀರಿಕೊಂಡಿದ್ದರು. ಅವರ ಮೂವರು ಮಕ್ಕಳಲ್ಲಿ ಹಿರಿಯರನ್ನು ಅರಸೀಕೆರೆಯಲ್ಲಿ ಹುಡುಕಿದೆವು. "ನಮ್ಮಪ್ಪ ದುಡ್ಡು ಇಸ್ಕೊಂಡಿದ್ದು ನಂಗೂ ಗೊತ್ತು ಮೇಷ್ಟ್ರೇ, ತಮ್ಮಂದಿರನ್ನೊಂದು ಮಾತು ಕೇಳ್ಬೇಕು" ಎಂದರು. ಆ ಒಂದು ಮಾತಿಗೆ ನಾಲ್ಕು ತಿಂಗಳು ಹಿಡಿಯಿತು. ಅಷ್ಟೂ ದಿನ ನನ್ನ ಶಿಷ್ಯ ಒಮ್ಮೆಯೂ ನನ್ನನ್ನು ದೂರಲಿಲ್ಲ. ಅದೇ ಹೆಚ್ಚು ನೋಯಿಸಿತು. ಅವನ ಮಡದಿ ಮಾತ್ರ ಕಾಫಿ ಕೊಡುತ್ತಾ ನನ್ನ ಮುಖ ನೋಡಲಿಲ್ಲ.

ಈ ನಡುವೆ ತಂತ್ರಾಂಶ ಬರೆಯುವ ಇನ್ನೊಬ್ಬ ಶಿಷ್ಯನಿಗೆ ದೂರವಾಣಿ ಮಾಡಿ, ಯಂತ್ರವೇಕೆ ನನ್ನನ್ನು ಎಚ್ಚರಿಸಲಿಲ್ಲ ಎಂದು ಕೇಳಿದೆ. "ಸಾರ್, ಅದಕ್ಕೆ ಗೊತ್ತಿರೋದು ಹೋಲಿಸೋದು ಮಾತ್ರ. ಮೊದಲ ತಾರೀಖಿಗಿಂತ ಹಿಂದಿನದಲ್ಲದ, ಕೊನೆಯದಕ್ಕಿಂತ ಮುಂದಿನದಲ್ಲದ ಸಾಲುಗಳನ್ನ ಮಾತ್ರ ಉಳಿಸುತ್ತೆ. ಹೊರಗೆ ಉಳಿದವು ಎಷ್ಟು ಅಂತ ನೀವು ಕೇಳಲೇ ಇಲ್ಲವಲ್ಲ" ಎಂದ. ಬರೆಯುವವರೂ ಎಡವುತ್ತಾರಂತೆ. ದಾಖಲೆಯಲ್ಲಿ ತಾರೀಖಿನ ಜೊತೆಗೆ ಗಂಟೆಯೂ ಸೇರಿದ್ದರೆ, '15ರವರೆಗೆ' ಎಂದದ್ದನ್ನು ಯಂತ್ರ 15ರ ನಡುರಾತ್ರಿ ಸೊನ್ನೆ ಗಂಟೆಯವರೆಗೆ ಎಂದುಕೊಳ್ಳುತ್ತದೆ. ಆ ಹಗಲಿನಲ್ಲಿ ನಡೆದದ್ದೆಲ್ಲ ಬಿಟ್ಟುಹೋಗುತ್ತದೆ. ಆದ್ದರಿಂದ ಬಲ್ಲವರು '16ಕ್ಕಿಂತ ಮೊದಲು' ಎಂದು ಬರೆಯುತ್ತಾರೆ. ನನ್ನ ಐದು-ಆರರ ಲೆಕ್ಕವೇ! ತಾರೀಖನ್ನು ಬರಿಯ ಅಕ್ಷರಗಳಾಗಿ ತುಂಬಿದ್ದರಂತೂ 01-12-2003 ಎಂಬುದು 02-01-1990ಕ್ಕಿಂತ ಮೊದಲು ಬಂದು ಕೂರುತ್ತದೆ. ವರ್ಷವನ್ನು ಮುಂದಿಟ್ಟು ಬರೆದರೆ ಆ ತೊಂದರೆಯಿಲ್ಲ. ನಿಘಂಟು ನೋಡುವುದನ್ನು ಕಲಿಸಿದ ನನಗೆ ಇದು ಒಡನೆಯೇ ಅರ್ಥವಾಯಿತು.

ಪತ್ರ ಬರಹಗಾರರು ಹೇಳಿದ ಇನ್ನೊಂದು ಮಾತನ್ನು ತೋಟ, ನಿವೇಶನ ಕೊಳ್ಳಲಿರುವ ಶಿಷ್ಯರು ಗಮನಿಸಬೇಕು. ಪತ್ರಕ್ಕೆ ಸಹಿ ಬಿದ್ದ ದಿನವೇ ಬೇರೆ, ನೋಂದಣಿಯಾದ ದಿನವೇ ಬೇರೆ. ಸಹಿಯಾದ ನಾಲ್ಕು ತಿಂಗಳೊಳಗೆ ಅದನ್ನು ನೋಂದಣಿಗೆ ಹಾಜರುಪಡಿಸಬಹುದು. ನೋಂದಣಿಯಾದ ಮೇಲೆ ಅದು ಸಹಿಯ ದಿನದಿಂದಲೇ ಜಾರಿಗೆ ಬರುತ್ತದೆ. ಅಂದರೆ ಇಂದಿನವರೆಗೆ ತೆಗೆಸಿದ ಶುದ್ಧ ಇ.ಸಿ.ಯ ಬೆನ್ನಿಗೇ, ನಿನ್ನೆ ಸಹಿಯಾದ ಕಾಗದವೊಂದು ಯಾರದೋ ಪೆಟ್ಟಿಗೆಯಲ್ಲಿ ಕುಳಿತಿರಬಹುದು. ಆ ಕಾಗದವನ್ನು ಯಾವ ತಾರೀಖು ತುಂಬಿದರೂ ಹಿಡಿಯಲಾಗದು. ಊರಿನಲ್ಲಿ ನಾಲ್ಕು ಜನರನ್ನು ವಿಚಾರಿಸಬೇಕು.

2024ರ ಮಳೆಗಾಲದ ಹೊತ್ತಿಗೆ ಮೂವರು ಅಣ್ಣತಮ್ಮಂದಿರೂ ಬಂದು ಋಣ ತೀರಿದ ಪತ್ರಕ್ಕೆ ಸಹಿ ಹಾಕಿದರು, ಅದರ ನೋಂದಣಿಯೂ ಆಯಿತು. ತೋಟದ ಕ್ರಯ ನಡೆದದ್ದು ಅದರ ಮರುವಾರ. ಆ ದಿನ ಬೆಳಿಗ್ಗೆ ಇನ್ನೊಮ್ಮೆ ಇ.ಸಿ. ನೋಡಿಕೊಂಡೇ ಹೋದೆವು. ಈಗ ಆ ಅಟ್ಟದಲ್ಲಿ ನನ್ನ ಶಿಷ್ಯನ ಕಾಯಿ ಕೊಬ್ಬರಿಯಾಗುತ್ತಿದೆ. ಅವನ ಮಡದಿ ಮೊನ್ನೆ ಒಂದು ಚೀಲ ಎಳನೀರು ಕಳಿಸಿದ್ದರು.

ನಮ್ಮ ತಂದೆಯವರ ತೋಟದ್ದೂ ಒಮ್ಮೆ ನೋಡಿಬಿಡೋಣವೆಂದು 1974ರಿಂದ ಅರ್ಜಿ ಹಾಕಿದ್ದೇನೆ. ಹಳೆಯ ಪುಸ್ತಕಗಳನ್ನು ಹುಡುಕಬೇಕಾದ್ದರಿಂದ ತಡವಾಗುತ್ತದೆಂದು ಹೇಳಿದ್ದಾರೆ. ಕಾಯುತ್ತಿದ್ದೇನೆ.